ನೋವಿದ್ದಲ್ಲಿಗೇ ಮದ್ದು: ಮಾರ್ಫಿನ್ ಚರಿತ್ರೆಯ ಒಂದು ಹಳೆಯ ಜಗಳ

ಭದ್ರಾವತಿಯ ಓಲ್ಡ್ ಟೌನಿನಲ್ಲಿ, ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಹತ್ತಿರದ ಒಂದು ಹೆಂಚಿನ ಮನೆಯಲ್ಲಿ ನಮ್ಮ ದೊಡ್ಡಮ್ಮ ತಮ್ಮ ಕೊನೆಯ ಮೂರು ತಿಂಗಳು ಮಲಗಿದ್ದರು. ಗರ್ಭಕೋಶದಲ್ಲಿ ಶುರುವಾದ ಕ್ಯಾನ್ಸರ್ ಸೊಂಟದ ಮೂಳೆಗೆ ಇಳಿದಿತ್ತು. ಇನ್ನು ನೋವು ಕಡಿಮೆ ಮಾಡುವುದಷ್ಟೇ ಉಳಿದಿರುವುದು ಎಂದು ಡಾಕ್ಟರು ಮಾರ್ಫಿನ್ ಮಾತ್ರೆ ಬರೆದುಕೊಟ್ಟರು. ಚೀಟಿ ಹಿಡಿದು ಅಂಗಡಿಯಿಂದ ಅಂಗಡಿಗೆ ತಿರುಗಿದ್ದು ನಾನು. ಒಬ್ಬ ಅಂಗಡಿಯವರು ಚೀಟಿಯನ್ನು ಓದಿ, ಆಮೇಲೆ ನನ್ನ ಮುಖವನ್ನೂ ಒಮ್ಮೆ ಓದಿ, "ಇದೆಲ್ಲ ನಾವು ಇಡಲ್ಲ ಸಾರ್" ಎಂದು ವಾಪಸ್ ಕೊಟ್ಟರು. ಕೊನೆಗೆ ಬೆಂಗಳೂರಿನಿಂದ ತರಿಸಿದೆವು.

ಮಾತ್ರೆ ಕೆಲಸ ಮಾಡಿತು. ಎಷ್ಟೋ ದಿನಗಳ ಮೇಲೆ ದೊಡ್ಡಮ್ಮ ಮಗ್ಗುಲು ಬದಲಿಸಿ ಮಲಗಿದರು. ಆದರೆ ಜೊತೆಗೆ ಮಂಪರು ಬಂತು, ಬಾಯಿ ಒಣಗಿತು, ನಾಲ್ಕೈದು ದಿನ ಹೊಟ್ಟೆ ಕಟ್ಟಿಕೊಂಡಿತು. ಮೊಮ್ಮಗಳು ಶಾಲೆಯಿಂದ ಬಂದು ಮಾತಾಡಿಸುವ ಹೊತ್ತಿಗೆ ಸರಿಯಾಗಿ ಕಣ್ಣು ಎಳೆಯುತ್ತಿತ್ತು. ಅದೇ ಅವರಿಗೆ ದೊಡ್ಡ ಬೇಸರ. ಒಂದು ಸಂಜೆ ನನ್ನನ್ನು ಕರೆದು ಕೇಳಿದರು: "ನೋವಿರೋದು ಸೊಂಟದಲ್ಲಿ ಕಣೋ. ಮಾತ್ರೆ ತಲೆಗ್ಯಾಕೆ ಹೋಗ್ಬೇಕು? ಸೊಂಟಕ್ಕೇ ಹೋಗಿ ಕೂತ್ಕೊಂಡ್ರೆ ಆಗಲ್ವಾ?"

ನಾನು ಜೀವಶಾಸ್ತ್ರ ಪಾಠ ಮಾಡುವವನು. ನೋವು ಹುಟ್ಟುವುದು ಸೊಂಟದಲ್ಲಾದರೂ ಅದು ಗೊತ್ತಾಗುವುದು ಮೆದುಳಿಗೆ, ಮಾರ್ಫಿನ್ ಕೆಲಸ ಮಾಡುವುದೂ ಮೆದುಳು ಮತ್ತು ಬೆನ್ನುಹುರಿಯಲ್ಲೇ, ಅದಕ್ಕೇ ಮಂಪರು ಎಂದು ತರಗತಿಯಲ್ಲಿ ಹೇಳುವಂತೆಯೇ ಹೇಳಿದೆ. ಅವರು "ಹ್ಞೂಂ" ಎಂದು ಗೋಡೆ ಕಡೆ ತಿರುಗಿದರು. ಆ ಉತ್ತರ ಅರ್ಧ ತಪ್ಪಾಗಿತ್ತು ಎಂದು ನನಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ. ದೊಡ್ಡಮ್ಮ ಕೇಳಿದ್ದು ವೈದ್ಯಚರಿತ್ರೆಯ ನೂರೈವತ್ತು ವರ್ಷಕ್ಕೂ ಹಳೆಯ ಪ್ರಶ್ನೆ. ಅದರ ಮೇಲೆ ಒಂದು ದೊಡ್ಡ ಜಗಳವೇ ನಡೆದಿತ್ತು. ಜಗಳ ಸೋತವನ ಮಾತಿನಲ್ಲೂ ನಿಜವಿತ್ತು ಎಂದು ಗೊತ್ತಾಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಅಫೀಮು ನಮಗೆ ದೂರದ ವಸ್ತುವೇನಲ್ಲ. ಹಬ್ಬದ ದಿನ ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ಚಾಪೆ ಹಾಸದ ಮನೆ ನಮ್ಮ ಕಡೆ ಕಡಿಮೆ. ಆ ಗಸಗಸೆ ಅಫೀಮಿನ ಗಿಡದ್ದೇ ಬೀಜ. ಅದೇ ಗಿಡದ ಹಸಿಕಾಯಿಯ ಮೇಲೆ ಗೀರು ಹಾಕಿದರೆ ಒಸರುವ ಹಾಲು ಒಣಗಿ ಅಫೀಮು ಆಗುತ್ತದೆ. ಬೀಜದ ಮೈಗೆ ಅಂಟಿಕೊಂಡಷ್ಟು ಬಿಟ್ಟರೆ ಅದರಲ್ಲಿ ಮಾರ್ಫಿನ್ ಇರುವುದಿಲ್ಲ. ಪಾಯಸದ ನಿದ್ದೆಯಲ್ಲಿ ಬೆಲ್ಲ, ಕಾಯಿಹಾಲು, ಮೂರನೆಯ ಒಬ್ಬಟ್ಟು ಇವುಗಳ ಪಾಲೇ ಹೆಚ್ಚು ಎಂದು ನನ್ನ ಗುಮಾನಿ. ಮಧ್ಯಯುಗದ ಆಯುರ್ವೇದ ಗ್ರಂಥವಾದ ಶಾರ್ಙ್ಗಧರ ಸಂಹಿತೆಗೆ ಅಹಿಫೇನ ಗೊತ್ತು. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಒರ್ಟ 1563ರಲ್ಲಿ ಅಲ್ಲೇ ಅಚ್ಚು ಹಾಕಿಸಿದ ಮೂಲಿಕೆಗಳ ಪುಸ್ತಕದಲ್ಲೂ ಅಫೀಮಿಗೆ ಒಂದು ಅಧ್ಯಾಯವಿದೆ.

1805ರ ಹೊತ್ತಿಗೆ ಜರ್ಮನಿಯ ಪಾಡರ್‌ಬೋರ್ನ್ ಊರಿನ ಔಷಧಿ ಅಂಗಡಿಯೊಂದರ ಸಹಾಯಕ ಫ್ರೀಡ್ರಿಶ್ ಸೆರ್ಟ್ಯೂರ್ನರ್ ಅಫೀಮಿನಿಂದ ಅದರ ಸತ್ವವನ್ನು ಹರಳಾಗಿ ಬೇರ್ಪಡಿಸಿದ. ಮುಂದೆ ಅದಕ್ಕೆ ಗ್ರೀಕರ ಕನಸಿನ ದೇವತೆ ಮಾರ್ಫಿಯಸ್‌ನ ಹೆಸರನ್ನಿಟ್ಟ. ಹೆಸರಿನಲ್ಲೇ ಪಕ್ಷಪಾತ ಇತ್ತು ನೋಡಿ. ನೋವು ಕಳೆಯುವ ವಸ್ತುವಿಗೆ ನೋವಿನ ಸಂಬಂಧದ ಹೆಸರು ಬರಲಿಲ್ಲ, ನಿದ್ದೆ ಕನಸುಗಳ ಹೆಸರು ಬಂತು. ಮದ್ದು ಎಂದರೆ ಮಂಪರು ಎಂಬ ಗಂಟು ಅಲ್ಲೇ ಬಿದ್ದಿತು.

ಆ ಗಂಟನ್ನು ಬಿಚ್ಚಲು ಹೊರಟವರಲ್ಲಿ ಒಬ್ಬ ಸ್ಕಾಟ್ಲೆಂಡಿನ ಎಡಿನ್‌ಬರೋದ ವೈದ್ಯ ಅಲೆಗ್ಸಾಂಡರ್ ವುಡ್. ನರಶೂಲೆಯ ರೋಗಿಗಳಲ್ಲಿ ಒತ್ತಿದರೆ ಜೀವ ಹೋಗುವಂತೆ ನೋಯುವ ಬಿಂದುಗಳಿರುತ್ತವೆ. ಮದ್ದನ್ನು ಬಾಯಿಂದ ಕೊಟ್ಟು ಇಡೀ ಮೈ ಸುತ್ತಿಸುವ ಬದಲು ಆ ಬಿಂದುವಿಗೇ ಮುಟ್ಟಿಸಿದರೆ ಹೇಗೆ ಎಂದು ಅವನಿಗೆ ಹೊಳೆಯಿತು. 1853ರಲ್ಲಿ ಗಾಜಿನ ಪಿಚಕಾರಿಗೆ ಟೊಳ್ಳು ಸೂಜಿ ಸಿಕ್ಕಿಸಿ, ಭುಜದ ನೋವಿನಿಂದ ನರಳುತ್ತಿದ್ದ ಒಬ್ಬ ವಯಸ್ಸಾದ ಹೆಂಗಸಿಗೆ ನೋಯುವ ಜಾಗದಲ್ಲೇ ಮಾರ್ಫಿನ್ ದ್ರಾವಣ ಚುಚ್ಚಿದ. 1855ರಲ್ಲಿ ಅವನು ಪ್ರಕಟಿಸಿದ ಲೇಖನದ ತಲೆಬರಹದಲ್ಲೇ ಆ ಮಾತಿತ್ತು: ನೋವಿನ ಬಿಂದುಗಳಿಗೆ ಅಫೀಮಿನ ಮದ್ದನ್ನು ನೇರವಾಗಿ ತಲುಪಿಸುವ ಹೊಸ ವಿಧಾನ. ಇವತ್ತು ಜ್ವರಕ್ಕೂ ಜಗತ್ತಿನಾದ್ಯಂತ ಚುಚ್ಚುವ ಸೂಜಿ ಮದ್ದಿನ ಚರಿತ್ರೆಯ ಬುಡದಲ್ಲಿ ನಮ್ಮ ದೊಡ್ಡಮ್ಮನ ಪ್ರಶ್ನೆ ಇದೆ. ನೋವಿರುವುದು ಭುಜದಲ್ಲಿ, ಮದ್ದು ಭುಜಕ್ಕೇ ಹೋಗಲಿ.

ಆದರೆ ಆ ಮೊದಲ ರೋಗಿಯೇ ವುಡ್‌ಗೆ ಕೈಕೊಟ್ಟರು. ಭುಜದ ನೋವು ಇಳಿಯಿತು, ನಿಜ. ಜೊತೆಗೆ ತಲೆ ತಿರುಗಿತು, ಮಾತು ಗೊಂದಲವಾಯಿತು. ಮಲಗಿದವರು ಮಾರನೆಯ ದಿನ ಹೊತ್ತೇರಿದರೂ ಏಳಲಿಲ್ಲ. ಭುಜಕ್ಕೆ ಚುಚ್ಚಿದ್ದು ತಲೆಗೂ ಹೋಗಿತ್ತು. ವುಡ್ ಇದನ್ನು ಬರೆದಿಟ್ಟ, ಆದರೆ ತನ್ನ ಸಿದ್ಧಾಂತ ಬಿಡಲಿಲ್ಲ.

ಬಿಡಿಸಿದವನು ಲಂಡನ್ನಿನ ತರುಣ ಶಸ್ತ್ರವೈದ್ಯ ಚಾರ್ಲ್ಸ್ ಹಂಟರ್. ಅವನೂ ವುಡ್‌ನ ಹಾಗೆಯೇ ನೋವಿನ ಜಾಗಕ್ಕೆ ಚುಚ್ಚುತ್ತಿದ್ದ. ಪದೇಪದೇ ಚುಚ್ಚಿದ ಜಾಗ ಕೀವಾಗತೊಡಗಿದಾಗ ಬೇರೆ ದಾರಿ ಕಾಣದೆ ಮೈಯ ಬೇರೆ ಕಡೆ ಚುಚ್ಚಿದ. ನೋವು ಅಷ್ಟೇ ಚೆನ್ನಾಗಿ ಇಳಿಯಿತು! ಹಾಗಾದರೆ ಸೂಜಿ ಎಲ್ಲಿ ಚುಚ್ಚಿದರೂ ಒಂದೇ. ಮದ್ದು ರಕ್ತ ಸೇರಿ ಇಡೀ ಮೈ ತಲುಪಿ ಕೆಲಸ ಮಾಡುತ್ತದೆ ಎಂದು 1858ರಿಂದ ಬರೆಯತೊಡಗಿದ. ಚರ್ಮದ ಕೆಳಗೆ ಎಂಬರ್ಥದ 'ಹೈಪೊಡರ್ಮಿಕ್' ಎಂಬ ಪದವನ್ನು ಬಳಕೆಗೆ ತಂದವನೂ ಅವನೇ. ವುಡ್‌ಗೂ ಹಂಟರ್‌ಗೂ ಪತ್ರಿಕೆಗಳಲ್ಲಿ ಕಹಿಯಾದ ವಾದ ನಡೆಯಿತು. ಲಂಡನ್ನಿನ ವೈದ್ಯಸಂಘವೊಂದು ಸಮಿತಿ ಮಾಡಿತು. 1867ರಲ್ಲಿ ತೀರ್ಪು ಹಂಟರ್ ಕಡೆಗೆ ಬಂತು. ನೋವಿದ್ದಲ್ಲಿ ಚುಚ್ಚಿದರೂ ಇಲ್ಲದಲ್ಲಿ ಚುಚ್ಚಿದರೂ ಪರಿಣಾಮ ಒಂದೇ ಎಂದಾಯಿತು.

ಆ ಕಾಲಕ್ಕೆ ಅದು ಸರಿಯಾದ ತೀರ್ಪು. ಇದ್ದ ಸಾಕ್ಷ್ಯ ಅಷ್ಟನ್ನೇ ಹೇಳುತ್ತಿತ್ತು. ತೊಂದರೆಯಾದದ್ದು ಆಮೇಲೆ. 'ಚುಚ್ಚಿದ ಜಾಗ ಮುಖ್ಯವಲ್ಲ' ಎಂಬ ಮಾತು ನಿಧಾನಕ್ಕೆ 'ಮಾರ್ಫಿನ್ ಕೆಲಸ ಮಾಡುವುದು ಮೆದುಳಿನಲ್ಲಿ ಮಾತ್ರ' ಎಂದಾಯಿತು. ಮೊದಲನೆಯದು ಪ್ರಯೋಗದಿಂದ ಬಂದದ್ದು, ಎರಡನೆಯದು ರೂಢಿಯಿಂದ ಬಂದದ್ದು. ನಾನು ದೊಡ್ಡಮ್ಮನಿಗೆ ಒಪ್ಪಿಸಿದ್ದು ಎರಡನೆಯದನ್ನು.

ಈ ರೂಢಿಯ ಬೆಲೆಯನ್ನು ಕೊಟ್ಟವರು ರೋಗಿಗಳು. ನೋವು ಹೋಗುವುದೂ ಅಮಲೇರುವುದೂ ಒಂದೇ ಜಾಗದಲ್ಲಿ ನಡೆಯುವುದಾದರೆ ಒಂದನ್ನು ಬಿಟ್ಟು ಇನ್ನೊಂದನ್ನು ಕೊಡುವ ಮಾತೇ ಇಲ್ಲ. ಮದ್ದಿನ ಮೇಲೆ ಕಣ್ಣಿಡುವುದೆಂದರೆ ಚಟದ ಮೇಲೆ ಕಣ್ಣಿಡುವುದು ಎಂದೇ ಆಗುತ್ತದೆ. ಗಾಜೀಪುರದಲ್ಲಿ 1820ರಷ್ಟು ಹಿಂದೆಯೇ ಸರ್ಕಾರಿ ಅಫೀಮು ಕಾರ್ಖಾನೆ ಶುರುವಾದ ದೇಶ ನಮ್ಮದು. ಔಷಧಿಗೆಂದು ಕಾನೂನುಬದ್ಧವಾಗಿ ಅಫೀಮು ಬೆಳೆದು ಹೊರದೇಶಕ್ಕೂ ಕೊಡುವ ಕೆಲವೇ ದೇಶಗಳಲ್ಲಿ ಒಂದು. ಅಂಥ ದೇಶದಲ್ಲಿ 1985ರ ನವೆಂಬರ್ 14ರಂದು ಮಾದಕ ವಸ್ತುಗಳ ಹೊಸ ಕಾಯ್ದೆ ಜಾರಿಗೆ ಬಂತು. ಅಪರಾಧಗಳಿಗೆ ಹತ್ತು ವರ್ಷದ ಕನಿಷ್ಠ ಶಿಕ್ಷೆ. ಮಾರ್ಫಿನ್ ಇಡಲು ಒಂದರ ಮೇಲೊಂದು ಪರವಾನಗಿ. ಆಸ್ಪತ್ರೆಗಳು, ಅಂಗಡಿಗಳು ಹೆದರಿ ಕೈಬಿಟ್ಟವು. 1997ರ ಹೊತ್ತಿಗೆ ಇಡೀ ದೇಶ ಒಂದು ವರ್ಷದಲ್ಲಿ ಬಳಸಿದ ಮಾರ್ಫಿನ್ ಸುಮಾರು 18 ಕಿಲೋ. ನೂರು ಕೋಟಿಗೆ ಹತ್ತಿರದ ಜನಕ್ಕೆ ಒಂದು ಚೀಲ ಅಕ್ಕಿಗಿಂತ ಕಡಿಮೆ ತೂಕ. ಕಾನೂನು ಮಾಡಿದವರು ಕ್ರೂರಿಗಳು ಎಂದು ನಾನು ಹೇಳುವುದಿಲ್ಲ. ಅಮಲನ್ನು ಬಿಟ್ಟು ನೋವು ಕಳೆಯುವ ಮದ್ದು ಇರಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಆದರೆ ಸಾಕ್ಷಿ ಮಾತ್ರ ಎಲ್ಲರ ಹೊಟ್ಟೆಯಲ್ಲೂ ಇತ್ತು. ಅಫೀಮು ತಿಂದರೆ ಹೊಟ್ಟೆ ಕಟ್ಟುತ್ತದೆ ಎಂಬುದು ಹಳೆಯ ಕಾಲದಿಂದ ಗೊತ್ತಿದ್ದ ವಿಷಯ. ಭೇದಿಗೆ ಅಫೀಮು ಕೊಡುತ್ತಿದ್ದದ್ದು ಅದಕ್ಕೇ. ಕರುಳು ಮೆದುಳಿನ ಹೊರಗಿರುವ ಅಂಗ ತಾನೆ? ಸ್ಕಾಟ್ಲೆಂಡಿನದೇ ಇನ್ನೊಂದು ಊರಾದ ಆಬರ್‌ಡೀನಿನಲ್ಲಿ ಹಾನ್ಸ್ ಕೊಸ್ಟರ್‌ಲಿಟ್ಜ್ ಎಂಬ ವಿಜ್ಞಾನಿ ಗಿನಿಪಿಗ್‌ನ ಕರುಳಿನ ತುಂಡನ್ನು ಮೈಯಿಂದ ಬೇರ್ಪಡಿಸಿ, ಉಪ್ಪುನೀರಿನ ದ್ರಾವಣದಲ್ಲಿ ತೂಗುಹಾಕಿ, ಮಾರ್ಫಿನ್ ಹನಿಸಿದರೆ ಅದರ ಮಿಡಿತ ಕುಗ್ಗುವುದನ್ನು ವರ್ಷಗಟ್ಟಲೆ ಅಳೆದ. ಆ ಪಾತ್ರೆಯಲ್ಲಿ ಮೆದುಳೇ ಇರಲಿಲ್ಲ. 1973ರಲ್ಲಿ ಅಮೆರಿಕ ಮತ್ತು ಸ್ವೀಡನ್ನಿನ ಮೂರು ಪ್ರಯೋಗಾಲಯಗಳು ಮಾರ್ಫಿನ್ ಹೋಗಿ ಕೂರುವ ಜಾಗವನ್ನು, ಅಂದರೆ ರಿಸೆಪ್ಟರನ್ನು, ಪ್ರಾಣಿಗಳ ಅಂಗಾಂಶದಲ್ಲಿ ತೋರಿಸಿದವು. 1975ರಲ್ಲಿ ಕೊಸ್ಟರ್‌ಲಿಟ್ಜ್ ಮತ್ತು ಜಾನ್ ಹ್ಯೂಸ್ ಮೈ ತಾನೇ ತಯಾರಿಸಿಕೊಳ್ಳುವ ಮಾರ್ಫಿನ್‌ನಂಥ ವಸ್ತು ಎನ್‌ಕೆಫಾಲಿನ್ ಅನ್ನು ಹಂದಿಯ ಮೆದುಳಿನಿಂದ ತೆಗೆದರು. ಸುದ್ದಿಯೆಲ್ಲ ಮೆದುಳಿನ ಸುತ್ತಲೇ ಆಯಿತು. ಕರುಳನ್ನು ಪರೀಕ್ಷೆಯ ಸಾಧನವೆಂದು ನೋಡಿದರೇ ಹೊರತು ಅದು ಏನು ಹೇಳುತ್ತಿದೆ ಎಂದು ಕೇಳಿಸಿಕೊಂಡವರು ಕಡಿಮೆ.

ಕೇಳಿಸಿಕೊಂಡವರಲ್ಲಿ ಒಬ್ಬ ಅಲನ್ ನಾರ್ತ್. ಕರುಳಿನ ಗೋಡೆಯೊಳಗಿನ ನರಕೋಶಕ್ಕೆ ಕೂದಲಿಗಿಂತ ಎಷ್ಟೋ ತೆಳುವಾದ ಗಾಜಿನ ಸೂಜಿ ತೂರಿಸಿ, ಮಾರ್ಫಿನ್ ಬಿದ್ದಾಗ ಅದರೊಳಗಿನ ವಿದ್ಯುತ್ತು ಏನಾಗುತ್ತದೆ ಎಂದು ಅವನು ಮತ್ತು ಅವನ ಸಂಗಡಿಗರು 1970ರ ದಶಕದಲ್ಲಿ ನೋಡಿದರು. ಕೋಶದ ಒಳಗು ಇನ್ನಷ್ಟು ಋಣವಾಗುತ್ತಿತ್ತು, ಕೋಶ ಸುಮ್ಮನಾಗುತ್ತಿತ್ತು. ಕಾರಣ ಪೊಟ್ಯಾಸಿಯಂ. 1982ರಲ್ಲಿ ವಿಲಿಯಮ್ಸ್, ಈಗನ್ ಮತ್ತು ನಾರ್ತ್ ಎನ್‌ಕೆಫಾಲಿನ್ ಮೆದುಳಿನ ಕೋಶಗಳಲ್ಲೂ ಪೊಟ್ಯಾಸಿಯಂ ಚಾನಲ್‌ಗಳನ್ನೇ ತೆರೆಯುತ್ತದೆ ಎಂದು 'ನೇಚರ್' ಪತ್ರಿಕೆಯಲ್ಲಿ ಬರೆದರು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಚಾನಲ್ ಎಂದರೆ ನಮ್ಮ ಕಡೆಯವರಿಗೆ ಟಿ.ವಿ.ಗಿಂತ ಮೊದಲು ನೆನಪಾಗುವುದು ನಾಲೆ. ಲಕ್ಕವಳ್ಳಿಯ ಹತ್ತಿರದ ಭದ್ರಾ ಅಣೆಕಟ್ಟೆಯಲ್ಲಿ ಒಳಗಡೆ ನೀರು ತುಂಬಿ ನಿಂತಿರುತ್ತದೆ, ಹೊರಗೆ ನಾಲೆ ಖಾಲಿ. ತೂಬು ತೆರೆದರೆ ನೀರು ಯಾವ ಕಡೆ ಹರಿಯುತ್ತದೆಂದು ಕೇಳಬೇಕಾಗಿಲ್ಲ. ನರಕೋಶವೂ ಹಾಗೆಯೇ. ಒಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗೆ ಬರೀ 4ರ ಆಸುಪಾಸು. ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ 3.5ರಿಂದ 5 ಎಂದು ಬರುವುದು ಆ ಹೊರಗಿನ ಲೆಕ್ಕವೇ. ತೂಬು ತೆರೆದರೆ ಪೊಟ್ಯಾಸಿಯಂ ಹೊರಕ್ಕೆ ಹರಿಯುತ್ತದೆ, ತನ್ನ ಧನ ವಿದ್ಯುತ್ತನ್ನೂ ಜೊತೆಗೆ ಒಯ್ಯುತ್ತದೆ. ಒಳಗು ಋಣವಾಗುತ್ತದೆ. ನರ ಸಂದೇಶ ಕಳಿಸಬೇಕಾದರೆ ಒಳಗಿನ ವಿದ್ಯುತ್ತು ಒಂದು ಮಟ್ಟಕ್ಕೆ ಏರಬೇಕು. ತೂಬು ತೆರೆದಿರುವಷ್ಟು ಹೊತ್ತು ಆ ಮಟ್ಟ ಮುಟ್ಟುವುದು ಕಷ್ಟ. ನೋವಿನ ಸುದ್ದಿ ಹೊರಡುವುದೇ ಇಲ್ಲ, ಅಥವಾ ಕಡಿಮೆ ಹೊರಡುತ್ತದೆ. ಮಾರ್ಫಿನ್ ಕೋಶದ ಹೊರಮೈಯ ರಿಸೆಪ್ಟರಿನಲ್ಲಿ ಕೂತಾಗ ಒಳಬದಿಯ ಒಂದು ಪ್ರೋಟೀನ್ ಬಿಡಿಸಿಕೊಂಡು ಹೋಗಿ ಈ ತೂಬಿನ ಬಾಗಿಲನ್ನು ತಳ್ಳುತ್ತದೆ. (ಪೊಟ್ಯಾಸಿಯಂ ಹೆಚ್ಚಿರುವ ಎಳನೀರು ಕುಡಿದರೆ ನೋವು ಹೋಗುತ್ತದೆಯೇ ಎಂದು ಪ್ರತಿ ವರ್ಷ ಒಬ್ಬ ವಿದ್ಯಾರ್ಥಿ ಕೇಳುತ್ತಾನೆ. ಹೋಗುವುದಿಲ್ಲ. ಇಲ್ಲಿ ಪ್ರಶ್ನೆ ತೂಬಿನದು, ನೀರಿನದಲ್ಲ.) ಮಾರ್ಫಿನ್ ಕ್ಯಾಲ್ಸಿಯಂ ಬರುವ ದಾರಿಯನ್ನೂ ಮುಚ್ಚುತ್ತದೆ, ಕೋಶದ ಒಳಗಿನ ಬೇರೆ ರಾಸಾಯನಿಕ ಸಂದೇಶಗಳನ್ನೂ ತಗ್ಗಿಸುತ್ತದೆ, ಪೊಟ್ಯಾಸಿಯಂ ಒಂದೇ ಎಂದು ಹೇಳಿದರೆ ತಪ್ಪಾಗುತ್ತದೆ.

ಕರುಳಿನ ನರದಲ್ಲಿ ಈ ತೂಬು ಇದ್ದರೆ, ಚರ್ಮ, ಕೀಲು, ಮೂಳೆಗಳಿಂದ ನೋವನ್ನು ಹೊತ್ತು ತರುವ ನರದ ತುದಿಯಲ್ಲೂ ಯಾಕಿರಬಾರದು? ಇದನ್ನು ನೇರವಾಗಿ ಕೈಗೆತ್ತಿಕೊಂಡವನು ಬ್ರೆಜಿಲಿನ ಸೆರ್ಜಿಯೊ ಫೆರೈರಾ. ರಿಬೈರಾವ್ ಪ್ರೆಟೊ ಎಂಬ ಊರಿನವನು. ಔಷಧಶಾಸ್ತ್ರದಲ್ಲಿ ಅವನ ಹೆಸರು ಮೊದಲೇ ಬಂದಿತ್ತು. ಜರರಾಕ ಎಂಬ ಮಂಡಲದ ಹಾವಿನ ಜಾತಿಯ ವಿಷದಲ್ಲಿ 1960ರ ದಶಕದಲ್ಲಿ ಅವನು ಗುರುತಿಸಿದ ಅಂಶವೇ ಮುಂದೆ ಕ್ಯಾಪ್ಟೊಪ್ರಿಲ್ ಎಂಬ ರಕ್ತದೊತ್ತಡದ ಮಾತ್ರೆಗೆ ದಾರಿಯಾಯಿತು. 1979ರಲ್ಲಿ ಅವನು ಮತ್ತು ನಕಮುರಾ ಇಲಿಯ ಪಾದದಲ್ಲಿ ಉರಿಯೂತದ ನೋವು ಬರಿಸಿ, ಆ ಪಾದಕ್ಕೇ ಚೂರು ಮಾರ್ಫಿನ್ ಚುಚ್ಚಿದರು. ನೋವು ಇಳಿಯಿತು. ಚುಚ್ಚಿದ್ದು ರಕ್ತದ ಮೂಲಕ ಮೆದುಳಿಗೆ ಹೋಗಿ ಕೆಲಸ ಮಾಡಿತು ಎಂದು ಹಂಟರ್ ಕಡೆಯವರು ಹೇಳಬಹುದಿತ್ತು. ಅದಕ್ಕೇ ಇಂಥ ಪ್ರಯೋಗಗಳಲ್ಲಿ ಒಂದು ತಾಳೆ ನೋಡುತ್ತಾರೆ. ಅಷ್ಟೇ ಮದ್ದನ್ನು ಇನ್ನೊಂದು ಪಾದಕ್ಕೆ ಕೊಟ್ಟು ನೋಯುವ ಪಾದವನ್ನು ಪರೀಕ್ಷಿಸುತ್ತಾರೆ. ರಕ್ತದ ದಾರಿಯೇ ಆದರೆ ಯಾವ ಪಾದಕ್ಕೆ ಕೊಟ್ಟರೂ ಒಂದೇ ಆಗಬೇಕು. ಆಗಲಿಲ್ಲ. ಮೆದುಳಿಗೆ ದಾಟಲಾಗದಂತೆ ಮಾರ್ಪಡಿಸಿದ ಮಾರ್ಫಿನ್ ರೂಪವೂ ಪಾದದಲ್ಲಿ ಕೆಲಸ ಮಾಡಿತು. ವುಡ್ ಬರೀ ನಂಬಿದ್ದನ್ನು ಈ ಇಲಿಗಳು ಸಾಧಿಸಿ ಕೊಟ್ಟವು.

ಹಾಗಾದರೆ ಹಂಟರ್‌ಗೆ ಯಾಕೆ ಕಾಣಲಿಲ್ಲ? ಅವನು ಕೊಡುತ್ತಿದ್ದ ಪ್ರಮಾಣ ದೊಡ್ಡದು, ಮೆದುಳನ್ನು ತಲುಪಿ ಎಲ್ಲವನ್ನೂ ಮುಚ್ಚಿಹಾಕುವಷ್ಟು. ಇನ್ನೊಂದು ಕಾರಣ ಜರ್ಮನಿಯ ಮ್ಯೂನಿಕ್ಕಿನಲ್ಲಿ ಗೊತ್ತಾಯಿತು. ಆಗ ಅಲ್ಲಿದ್ದ ಕ್ರಿಸ್ಟೋಫ್ ಸ್ಟೈನ್ ಮತ್ತು ಸಂಗಡಿಗರು ತೋರಿಸಿದ್ದು ಇದು: ನರದ ತುದಿಯಲ್ಲಿ ಈ ಏರ್ಪಾಡು ಚೆನ್ನಾಗಿ ಎಚ್ಚೆತ್ತುಕೊಳ್ಳುವುದು ಉರಿಯೂತ ಇದ್ದಾಗ. ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ತಯಾರಾದ ರಿಸೆಪ್ಟರುಗಳು ನರದ ಉದ್ದಕ್ಕೂ ಪ್ರಯಾಣ ಮಾಡಿ ಗಾಯವಾದ ಜಾಗಕ್ಕೆ ಹೆಚ್ಚು ಹೆಚ್ಚಾಗಿ ಬರುತ್ತವೆ. ಪಾದದ ನರವಾದರೆ ಅದು ಹತ್ತಿರಹತ್ತಿರ ಒಂದು ಮೀಟರಿನ ದಾರಿ. ನರದ ಸುತ್ತಲಿನ ಪೊರೆಯೂ ಸಡಿಲಾಗಿ ಮದ್ದು ಒಳಗೆ ಇಳಿಯಲು ಬಿಡುತ್ತದೆ. 1990ರಲ್ಲಿ ಅವರು ಇನ್ನೊಂದು ಸಂಗತಿ ಸೇರಿಸಿದರು: ಗಾಯಕ್ಕೆ ಮುತ್ತುವ ಬಿಳಿ ರಕ್ತಕಣಗಳು ಮೈಯ ಸ್ವಂತ ಮಾರ್ಫಿನ್ ಆದ ಎಂಡಾರ್ಫಿನ್ ಅನ್ನು ಹೊತ್ತು ತಂದು ಅಲ್ಲೇ ಬಿಡುತ್ತವೆ. ಗಾಯ ಕೆಂಪಾಗಿ ಊದಿಕೊಂಡಾಗ ನಮಗೆ ಕಾಣುವುದು ನೋವು. ಅದೇ ಊತದೊಳಗೆ ನೋವಿಗೆ ಮದ್ದೂ ಬಂದಿಳಿದಿರುತ್ತದೆ ಎಂದು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

1991ರಲ್ಲಿ ಸ್ಟೈನ್ ಇದನ್ನು ಮನುಷ್ಯರಲ್ಲಿ ನೋಡಿದ. ಮೊಣಕಾಲಿನ ಕೀಲಿನ ಶಸ್ತ್ರಚಿಕಿತ್ಸೆಯಾದ 52 ರೋಗಿಗಳು. ಕೆಲವರಿಗೆ 1 ಮಿಲಿಗ್ರಾಂ ಮಾರ್ಫಿನ್ ಕೀಲಿನೊಳಗೇ, ಇನ್ನು ಕೆಲವರಿಗೆ ಅಷ್ಟೇ ಮದ್ದು ರಕ್ತನಾಳಕ್ಕೆ. ಕೀಲಿಗೆ ಪಡೆದವರಲ್ಲಿ ಮುಂದಿನ ಗಂಟೆಗಳಲ್ಲಿ ನೋವು ಕಡಿಮೆ ಇತ್ತು; ಮಾರ್ಫಿನ್ ವಿರೋಧಿಯಾದ ನಾಲೊಕ್ಸೋನ್ ಅನ್ನು ಕೀಲಿಗೆ ಸೇರಿಸಿದರೆ ಆ ಲಾಭ ಹೋಗುತ್ತಿತ್ತು. 1867ರ ತೀರ್ಪಿನ ಮೇಲೆ ಇದು ಮೇಲ್ಮನವಿ ಗೆದ್ದಂತೆ.

ಪೂರ್ತಿ ಗೆಲುವಲ್ಲ. ಆಮೇಲೆ ಎಷ್ಟೋ ಆಸ್ಪತ್ರೆಗಳಲ್ಲಿ ಇದೇ ಪ್ರಯೋಗ ನಡೆಯಿತು, ಕೆಲವು ಕಡೆ ಫಲ ಸಿಕ್ಕಿತು, ಕೆಲವು ಕಡೆ ಇಲ್ಲ. 2016ರಲ್ಲಿ ಎಲ್ಲವನ್ನೂ ಒಟ್ಟಿಗೆ ಇಟ್ಟು ತೂಗಿದ ಕಾಕ್ರೇನ್ ಸಂಸ್ಥೆಯ ಪರಿಶೀಲನೆಗೆ, ಕೀಲಿಗೆ ಕೊಟ್ಟ 1 ಮಿಲಿಗ್ರಾಂ ಮಾರ್ಫಿನ್ ಬರೀ ದ್ರಾವಣಕ್ಕಿಂತ ಮೇಲು ಎನ್ನಲು ಗಟ್ಟಿ ಸಾಕ್ಷ್ಯ ಸಿಗಲಿಲ್ಲ. ಈ ಮಾತನ್ನು ಮುಚ್ಚಿಟ್ಟು ಕಥೆ ಹೇಳುವುದು ಸುಲಭ. ವಿಜ್ಞಾನದ ಜನಪ್ರಿಯ ಬರಹಗಳಲ್ಲಿ ಹೆಚ್ಚಾಗಿ ನಡೆಯುವುದೂ ಅದೇ.

ಇಷ್ಟರಲ್ಲಿ ತುದಿಯಲ್ಲಿರುವ ತೂಬು ಯಾವುದು ಎಂಬ ಬಗ್ಗೆ ಎರಡು ಮನೆತನಗಳಾಗಿದ್ದವು. ಪೊಟ್ಯಾಸಿಯಂ ಚಾನಲ್ ಒಂದಲ್ಲ, ಹತ್ತಾರು ಜಾತಿ. ಬ್ರೆಜಿಲಿನವರ ಪ್ರಕಾರ ಮಾರ್ಫಿನ್ ಮೊದಲು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹುಟ್ಟಿಸುತ್ತದೆ, ಅದು ಒಂದೆರಡು ಮೆಟ್ಟಿಲು ದಾಟಿ ಎ.ಟಿ.ಪಿ.ಗೆ ಸ್ಪಂದಿಸುವ ಪೊಟ್ಯಾಸಿಯಂ ಚಾನಲ್ಲನ್ನು ತೆರೆಯುತ್ತದೆ. ಎ.ಟಿ.ಪಿ. ಎಂದರೆ ಕೋಶದ ಇಂಧನ. ಅದು ತುಂಬಿದ್ದಾಗ ಮುಚ್ಚಿರುವ, ಕಡಿಮೆಯಾದಾಗ ತೆರೆಯುವ ಈ ಚಾನಲ್ಲನ್ನು 1983ರಲ್ಲಿ ಜಪಾನಿನ ಅಕಿನೊರಿ ನೋಮಾ ಹೃದಯದ ಸ್ನಾಯುವಿನಲ್ಲಿ ಕಂಡುಹಿಡಿದಿದ್ದ. ಬೇಗನೇ ಅದು ಇನ್ಸುಲಿನ್ ಬಿಡುವ ಕೋಶಗಳಲ್ಲೂ ಸಿಕ್ಕಿತು. 2000ದಲ್ಲಿ ರೊಡ್ರಿಗಸ್ ಮತ್ತು ಡುವಾರ್ಟೆ ಇಲಿಯ ಪಾದಕ್ಕೆ ಮಾರ್ಫಿನ್ ಕೊಡುವಾಗ ಗ್ಲಿಬೆನ್‌ಕ್ಲಮೈಡನ್ನೂ ಸೇರಿಸಿದರು. ಮಾರ್ಫಿನ್ ಕೈಚೆಲ್ಲಿತು. ಗ್ಲಿಬೆನ್‌ಕ್ಲಮೈಡ್ ಎಂದರೆ ಸಕ್ಕರೆ ಕಾಯಿಲೆಗೆ ನಮ್ಮ ಹಿಂದಿನ ತಲೆಮಾರಿನವರು ನುಂಗಿದ ಮಾಮೂಲಿ ಮಾತ್ರೆ. ಈ ಚಾನಲ್ಲನ್ನು ಮುಚ್ಚಿ ಇನ್ಸುಲಿನ್ ಹೊರಡಿಸುವುದೇ ಅದರ ಕೆಲಸ. ಅದು ಮುಚ್ಚಿದರೆ ಮಾರ್ಫಿನ್ ಸೋಲುತ್ತದೆ ಎಂದರೆ ಮಾರ್ಫಿನ್ ತೆರೆಯುತ್ತಿದ್ದದ್ದು ಆ ಬಾಗಿಲನ್ನೇ. ಇಷ್ಟು ಸರಳವಾದ ತರ್ಕ ನನಗೆ ಬಹಳ ಇಷ್ಟ. (ಇಲಿಯ ಪಾದದ ಫಲಿತಾಂಶ ಓದಿ ಯಾರೂ ತಮ್ಮ ಸಕ್ಕರೆ ಮಾತ್ರೆ ಬಿಡಬೇಡಿ.)

ಯುರೋಪಿನವರ ಒಲವು ಗರ್ಕ್ ಎಂಬ ಇನ್ನೊಂದು ಜಾತಿಯ ಕಡೆಗಿತ್ತು. ರಿಸೆಪ್ಟರಿನಿಂದ ಬಿಡಿಸಿಕೊಂಡ ಪ್ರೋಟೀನ್ ನೇರವಾಗಿ ಹೋಗಿ ತಳ್ಳುವುದು ಇದನ್ನು. ಮೆದುಳಿನಲ್ಲಿ ಇದರ ಪಾತ್ರ ಖಚಿತವಾಗಿತ್ತು, ಆದರೆ ನರದ ತುದಿಯಲ್ಲಿ ಕೆಲವು ಪ್ರಯೋಗಾಲಯಗಳಿಗೆ ಸಿಗುತ್ತಿತ್ತು, ಕೆಲವಕ್ಕೆ ಸಿಗುತ್ತಿರಲಿಲ್ಲ. ಗೊಂದಲ ಬಿಡಿಸಿದ್ದು 2013ರಲ್ಲಿ, ಇಟಲಿಯ ಮೊಂಟೆರೊಟೊಂಡೊ ಮತ್ತು ಬರ್ಲಿನ್‌ನ ತಂಡಗಳು. ಹೆಗ್ಗಣದಂಥ ದೊಡ್ಡ ಇಲಿಯಲ್ಲೂ ಮನುಷ್ಯರಲ್ಲೂ ನೋವಿನ ನರಗಳಲ್ಲಿ ಗರ್ಕ್ ಇದೆ, ಸುಂಡಿಲಿಯಲ್ಲಿ ಇಲ್ಲ! ಸುಂಡಿಲಿಯ ನೋವಿನ ನರಗಳಿಗೆ ವಂಶವಾಹಿಯ ಮೂಲಕ ಗರ್ಕ್ ಸೇರಿಸಿದಾಗ, ಅಲ್ಲಿಯವರೆಗೆ ಕೆಲಸ ಮಾಡದಿದ್ದ ಪಾದದ ಮದ್ದು ಕೆಲಸ ಮಾಡತೊಡಗಿತು. ಜಗತ್ತಿನ ಪ್ರಯೋಗಾಲಯಗಳು ಸಾಕುವುದು ಹೆಚ್ಚಾಗಿ ಸುಂಡಿಲಿಗಳನ್ನು. ಎಷ್ಟು ಜನ ಸುಂಡಿಲಿಯಲ್ಲಿ ನೋಡಿ, ಏನೂ ಕಾಣದೆ, ನರದ ತುದಿಯಲ್ಲಿ ಏನೂ ಇಲ್ಲ ಎಂದು ಫೈಲು ಮುಚ್ಚಿರಬಹುದು!

ನನ್ನ ಉತ್ತರವನ್ನು ಅರ್ಧ ತಪ್ಪು ಮಾಡಿದ್ದು 2014ರ ಒಂದು ಅಧ್ಯಯನ. ಬರ್ಲಿನ್‌ನಲ್ಲಿ ಸ್ಟೈನ್ ಮತ್ತು ಸಂಗಡಿಗರು ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯಾದ ರೋಗಿಗಳಿಗೆ ಎಂದಿನಂತೆ ಮಾರ್ಫಿನ್ ಕೊಟ್ಟರು. ಒಂದು ಗುಂಪಿಗೆ ಮೀಥೈಲ್‌ನಾಲ್‌ಟ್ರೆಕ್ಸೋನ್ ಎಂಬ ಮದ್ದನ್ನೂ ಸೇರಿಸಿದರು. ಮಾರ್ಫಿನ್‌ನಿಂದ ಹೊಟ್ಟೆ ಕಟ್ಟಿದವರಿಗೆ ಕೊಡುವ ಮದ್ದು ಅದು. ಮೆದುಳಿಗೆ ಹೋಗುವುದಿಲ್ಲ, ಮೆದುಳಿನ ಹೊರಗಿನ ರಿಸೆಪ್ಟರುಗಳಿಂದ ಮಾತ್ರ ಮಾರ್ಫಿನ್ ಅನ್ನು ಎಬ್ಬಿಸಿ ಕಳಿಸುತ್ತದೆ. ಆ ಗುಂಪಿನವರಿಗೆ ಮೊದಲ ಗಂಟೆಗಳಲ್ಲಿ ಅಷ್ಟೇ ಸಮಾಧಾನಕ್ಕೆ ಸುಮಾರು 40 ಶೇಕಡಾ ಹೆಚ್ಚು ಮಾರ್ಫಿನ್ ಬೇಕಾಯಿತು. ಅಂದರೆ ನೋವು ಇಳಿಸುವುದರಲ್ಲಿ ಒಂದು ದೊಡ್ಡ ಪಾಲು ಗಾಯದ ಜಾಗದಲ್ಲೇ ನಡೆಯುತ್ತಿತ್ತು. ದೊಡ್ಡಮ್ಮನದು ಕ್ಯಾನ್ಸರಿನ ಮೂಳೆ, ಶಸ್ತ್ರಚಿಕಿತ್ಸೆಯ ಕೀಲಲ್ಲ. ಲೆಕ್ಕ ಹಾಗೇ ಹೊಂದುವುದಿಲ್ಲ. ಆದರೂ 'ತಲೆಗೆ ಮಾತ್ರ ಹೋಗುತ್ತೆ ದೊಡ್ಡಮ್ಮ' ಎಂದದ್ದು ಸುಳ್ಳು. ಅವರು ಬೇಡಿಕೊಂಡ ಹಾಗೆ ಮಾತ್ರೆ ಸೊಂಟಕ್ಕೂ ಹೋಗಿ ಕೂತಿರಬಹುದು.

ಸೊಂಟಕ್ಕೆ ಮಾತ್ರ ಹೋಗುವ ಮಾತ್ರೆ ಇನ್ನೂ ಬಂದಿಲ್ಲ. ಭೇದಿಗೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಲೋಪೆರಮೈಡ್ ಮಾರ್ಫಿನ್ ಕುಲದ್ದೇ; 1969ರಲ್ಲಿ ಬೆಲ್ಜಿಯಂನ ಜಾನ್ಸೆನ್ ಕಂಪನಿಯಲ್ಲಿ ತಯಾರಾದದ್ದು. ಹೇಳಿದ ಪ್ರಮಾಣದಲ್ಲಿ ಮೆದುಳಿಗೆ ದಾಟುವುದಿಲ್ಲ, ಹಾಗಾಗಿ ಅದರ ಬಗ್ಗೆ ಯಾರಿಗೂ ಭಯವಿಲ್ಲ. ಆದರೆ ಅದು ಕರುಳಿನಲ್ಲೇ ನಿಂತುಬಿಡುತ್ತದೆ, ಮೂಳೆ ಕೀಲುಗಳಿಗೆ ಪ್ರಯೋಜನವಿಲ್ಲ. 2017ರಲ್ಲಿ ಸ್ಟೈನ್ ತಂಡ ಉರಿಯೂತದ ಜಾಗ ಹುಳಿಯಾಗಿರುತ್ತದೆ ಎಂಬುದನ್ನು ಹಿಡಿದು, ಹುಳಿಯಲ್ಲಿ ಮಾತ್ರ ಕೆಲಸ ಮಾಡುವಂತೆ ಫೆಂಟನಿಲ್ ಅನ್ನು ತಿದ್ದಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿತು. ಇಲಿಗಳಲ್ಲಿ ಚೆನ್ನಾಗಿ ನಡೆದಿದೆ.

ಈ ನಡುವೆ ನಮ್ಮ ಕಾನೂನೂ ಸ್ವಲ್ಪ ಬಾಗಿತು. 2014ರ ತಿದ್ದುಪಡಿ ಮಾರ್ಫಿನ್ ಮೊದಲಾದವನ್ನು ಅಗತ್ಯ ಮಾದಕ ಔಷಧಗಳೆಂದು ಬೇರೆ ಮಾಡಿ ಪರವಾನಗಿಯ ಸುತ್ತಾಟ ಕಡಿಮೆ ಮಾಡಿತು. ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆಯಿದೆ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಕರುಣಾಶ್ರಯ 1999ರಿಂದ ಇದೆ. ಓಲ್ಡ್ ಟೌನಿನಿಂದ ಅಲ್ಲಿಗೆ ರೈಲಿನಲ್ಲಿ ಹೋಗಿ ಬರಬೇಕು, ಸೊಂಟದ ಮೂಳೆ ನೋಯುತ್ತಿರುವವರು ಅಲ್ಲ, ಅವರ ಪರವಾಗಿ ಯಾರಾದರೂ.

ದೊಡ್ಡಮ್ಮನ ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಉಳಿದ ಮಾತ್ರೆಗಳನ್ನು ತಂದ ಜಾಗಕ್ಕೇ ಹಿಂತಿರುಗಿಸಲು ಹೋದೆ. ಕಿಟಕಿಯ ಆಚೆಗಿದ್ದ ಹುಡುಗಿ ಮಾತ್ರೆಗಳನ್ನು ಎರಡು ಸಲ ಎಣಿಸಿದಳು. ಒಂಬತ್ತು. ದಪ್ಪ ರಿಜಿಸ್ಟರ್ ತೆಗೆದು ದೊಡ್ಡಮ್ಮನ ಹೆಸರಿನ ಸಾಲು ಹುಡುಕಿ, ಪಕ್ಕದಲ್ಲಿ ಒಂಬತ್ತು ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ನನ್ನ ಸಹಿ ತೆಗೆದುಕೊಂಡಳು. "ಪೇಷಂಟಿಗೆ ಕೊನೇಲಿ ನೋವಿತ್ತಾ ಸಾರ್?" ಎಂದು ಕೇಳಿದಳು. ರಿಜಿಸ್ಟರಿನಲ್ಲಿ ಅದಕ್ಕೊಂದು ಕಾಲಂ ಇತ್ತು.